ಹ್ಯಾರಿಸನ್ನಿನಲ್ಲಿ ನಾನು ರಜೆ ಹಂಚುತ್ತಿದ್ದಾಗ

ಕೆಲಸ ಕೇಳುವಾಗ ಮನುಷ್ಯ ಎಷ್ಟು ಜಾಣನಾಗಿರುತ್ತಾನೋ, ರಜೆ ಕೇಳುವಾಗ ಅಷ್ಟೇ ಎಡವಟ್ಟು ಮಾಡಿಕೊಳ್ಳುತ್ತಾನೆ. ಇದು ನಾನು ಓದಿ ತಿಳಿದದ್ದಲ್ಲ, ಕೂತು ನೋಡಿದ್ದು. ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಯ ಹ್ಯಾರಿಸನ್ ಊರಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ನನಗೆ ಕೆಲಸವಿತ್ತು. ಯಾರಿಗೆ ಎಷ್ಟು ರಜೆ ಬಾಕಿ ಇದೆ, ಯಾರಿಗೆ ಯಾವಾಗ ಕೊಡಬೇಕು ಅಂತ ನೋಡಿಕೊಳ್ಳುವುದೇ ನನ್ನ ಕೆಲಸ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ, ಯಜಮಾನರ ಹಿಂದೆ ವಿಮಾನ ಹತ್ತಿ ಬಂದ ನಾನು, ಸೀರೆ ಉಟ್ಟುಕೊಂಡು, ಅದರ ಮೇಲೊಂದು ದಪ್ಪ ಕೋಟು ಹಾಕಿಕೊಂಡು ದಿನಾ ಟ್ರೇನು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ.

ನಮ್ಮ ಕಾರ್ಖಾನೆಯಲ್ಲಿ ಒಂದು ವಿಶೇಷವಿತ್ತು. ಎಲ್ಲ ಕಡೆ ಇರುವ ಹಾಗೆ ವರ್ಷಕ್ಕೆ ಎರಡು ವಾರ ರಜೆ ಇದ್ದೇ ಇತ್ತು. ಅದರ ಜೊತೆಗೆ ಐದು ವರ್ಷ ಬಿಡದೆ ದುಡಿದವರಿಗೆ ಸಂಬಳ ಸಮೇತ ಎರಡು ತಿಂಗಳು, ಇಪ್ಪತ್ತೈದು ವರ್ಷ ದುಡಿದವರಿಗೆ ಮೂರು ತಿಂಗಳು ದೀರ್ಘ ರಜೆ. ಅಮೆರಿಕದಲ್ಲಿ ಇದು ಅಪರೂಪ. ಮಾಲೀಕರಿಗೆ ಯಾವುದೋ ಒಳ್ಳೆಯ ಗಳಿಗೆಯಲ್ಲಿ ಹೊಳೆದಿತ್ತಂತೆ. ಅವಧಿಗೆ ಮುಂಚೆ ರಜೆ ಬೇಕೆಂದರೆ ಅದು ಹತ್ತಿರದ ಕುಟುಂಬದ ವಿಷಯಕ್ಕೆ ಮಾತ್ರ. ಅದನ್ನು ತೀರ್ಮಾನ ಮಾಡುವವರು ನಮ್ಮ ಬಾಸ್. ಆರಡಿ ಎತ್ತರ, ಬಿಳಿ ಹುಬ್ಬು, ಗಂಟು ಮುಖ. ಅವರಿಗೆ ನಿಯಮ ಅಂದರೆ ನಿಯಮ.

ಅವರ ಸುದ್ದಿಗೆ ಬರುವ ಮೊದಲು ನಮ್ಮ ಮನೆಯದ್ದೇ ಒಂದು ಹೇಳಿಬಿಡುತ್ತೇನೆ. ಊರವರನ್ನೆಲ್ಲ ಆಡಿಕೊಂಡು ಮನೆಯವರನ್ನು ಬಿಟ್ಟರೆ ತಪ್ಪಾಗುತ್ತೆ.

ಎರಡು ವಾರಕ್ಕೆ ಇಷ್ಟು ದೊಡ್ಡ ಕೇಕಾ?

ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಅರವತ್ತರ ದಶಕದ ಕೊನೆ. ನಮ್ಮ ಯಜಮಾನರು ಮಾರಿಸ್‌ಟೌನಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ಸೇರಿ ವರ್ಷ ತುಂಬಿರಲಿಲ್ಲ, ಅಷ್ಟರಲ್ಲಿ ಅವರ ಅಣ್ಣ ಕ್ಯಾಲಿಫೋರ್ನಿಯಾಕ್ಕೆ ಬಂದರು. ನೋಡಲು ಹೋಗಬೇಕು. ಇವರು ಮೇಲಧಿಕಾರಿಯ ಕೋಣೆಗೆ ಹೋಗಿ, ಮೈಸೂರಿನ ಸರ್ಕಾರಿ ಕಚೇರಿಯಲ್ಲಿ ಕೇಳುವ ಹಾಗೆ ವಿನಯವಾಗಿ, "ಸರ್, ಶುಕ್ರವಾರದಿಂದ ಲೀವ್ ಮಾಡಬೇಕು ಅಂತಿದ್ದೀನಿ. ಸ್ವಲ್ಪ ಅರ್ಲಿ ಆಯ್ತು, ಗೊತ್ತು," ಅಂದರಂತೆ.

ಮೇಲಧಿಕಾರಿ ಎದ್ದು ನಿಂತುಬಿಟ್ಟನಂತೆ. "ನಮ್ಮಿಂದ ಏನಾದರೂ ತೊಂದರೆ ಆಯ್ತಾ?"

"ಛೆ, ಛೆ, ಇಲ್ಲ ಸರ್. ಫ್ಯಾಮಿಲಿ ವಿಷಯ."

"ಇನ್ನೊಂದು ಸಲ ಯೋಚನೆ ಮಾಡು."

"ಯೋಚನೆ ಮಾಡಿದ್ದೀನಿ ಸರ್. ಟಿಕೆಟ್ಟೂ ತಗೊಂಡಾಯ್ತು."

ಶುಕ್ರವಾರ ಸಂಜೆ ಇವರು ಮನೆಗೆ ಬಂದಾಗ ಕೈಯಲ್ಲಿ ದೊಡ್ಡ ಕೇಕಿನ ಡಬ್ಬ, ಕಂಕುಳಲ್ಲಿ ಉಡುಗೊರೆಯ ಟೇಬಲ್ ಲ್ಯಾಂಪು, ಕಣ್ಣಲ್ಲಿ ನೀರು. "ಎಂಥಾ ಜನ ಕಣೇ ಇವರು! ಎರಡು ವಾರ ರಜೆಗೆ ಹೋಗ್ತೀನಿ ಅಂದ್ರೆ ಇಡೀ ಡಿಪಾರ್ಟ್‌ಮೆಂಟು ಸೇರಿಸಿ ಕೇಕ್ ಕಟ್ ಮಾಡಿಸಿದರು. ಬಾಸು ಭಾಷಣ ಮಾಡಿದ. ನಮ್ಮ ಊರಲ್ಲಿ ರಿಟೈರ್ ಆದರೂ ಒಂದು ಹಾರ, ಒಂದು ನಿಂಬೆಹಣ್ಣು."

"ನೀವೇನು ಮಾಡಿದಿರಿ?"

"ನಾನೂ ನಾಲ್ಕು ಮಾತು ಆಡಿದೆ. ನಿಮ್ಮನ್ನೆಲ್ಲ ಮರೆಯಲ್ಲ ಅಂದೆ."

ಎರಡು ವಾರ ಕ್ಯಾಲಿಫೋರ್ನಿಯಾ ಸುತ್ತಿ ಬಂದು, ಸೋಮವಾರ ಬೆಳಿಗ್ಗೆ ಟೈ ಕಟ್ಟಿಕೊಂಡು ಹೋದರು. ಹತ್ತು ಗಂಟೆಗೆ ಫೋನು. "ನನ್ನ ಕುರ್ಚಿ ಮೇಲೆ ಯಾರೋ ಕೂತಿದ್ದಾನೆ ಕಣೇ!"

"ರೀ, ರಜೆ ಬೇಕು ಅಂತ ತಾನೇ ಕೇಳಿದ್ದು?"

"ಲೀವ್ ಅಂತಾನೇ ಹೇಳಿದ್ದೆ. ಇನ್ನೇನು ಹೇಳಬೇಕಿತ್ತು?"

ಈ ದೇಶದಲ್ಲಿ ರಜೆಗೆ ವೆಕೇಷನ್ ಅನ್ನುತ್ತಾರೆ, ಲೀವ್ ಮಾಡ್ತೀನಿ ಅಂದರೆ ಕೆಲಸ ಬಿಟ್ಟು ಹೋಗುತ್ತೀನಿ ಅಂತ ಅರ್ಥ. ಅದು ಇವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನದವರೆಗೆ ನಾನು ಫೋನಿನ ಪಕ್ಕದಲ್ಲೇ ಕೂತು ಚಾಮುಂಡಿಗೆ ಹರಕೆ ಹೊತ್ತೆ. ಕೊನೆಗೆ ಫೋನು ಬಂತು. ಧ್ವನಿಯಲ್ಲಿ ನಗು. ಕೆಲಸ ಉಳಿದಿತ್ತು, ಕುರ್ಚಿ ಮಾತ್ರ ಹೊಸದು.

"ಹೇಗೆ ಒಪ್ಪಿದ?"

"'ಬೀಳ್ಕೊಡುಗೆ ಭಾಷಣದಲ್ಲಿ ನಿನ್ನನ್ನ ಅಷ್ಟು ಹೊಗಳಿಬಿಟ್ಟಿದ್ದೀನಿ, ಈಗ ಬೇಡ ಅಂದರೆ ಎಲ್ಲರ ಎದುರು ನಾನು ಸುಳ್ಳ ಆಗ್ತೀನಿ' ಅಂದ."

ಮನೆಯಲ್ಲಿ ಮೂರು ತಿಂಗಳು

ಇನ್ನು ನಮ್ಮ ಕಾರ್ಖಾನೆಯದ್ದು. ಟೆಸ್ಟಿಂಗ್ ವಿಭಾಗದಲ್ಲಿ ಇಟಲಿ ಮೂಲದ ಒಬ್ಬ ಹಿರಿಯನಿದ್ದ. ವಾಲ್ವಿಗೆ ಕಿವಿ ಕೊಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಎಲ್ಲಿ ಸೋರುತ್ತೆ ಅಂತ ಹೇಳಿಬಿಡುತ್ತಿದ್ದ. ಇಪ್ಪತ್ತೈದು ವರ್ಷ ತುಂಬಿತು. ಮೂರು ತಿಂಗಳ ರಜೆ. ಹೋಗುವಾಗ ನನ್ನ ಕೈ ಕುಲುಕಿ, "ಇನ್ನು ಮೇಲೆ ನಾನು, ನನ್ನ ಹೆಂಡತಿ, ನಮ್ಮ ಮನೆ, ಅಷ್ಟೇ!" ಅಂದ.

ಎರಡನೆಯ ವಾರ ಒಬ್ಬ ಗುಂಡು ಗುಂಡಗಿನ ಹೆಂಗಸು ಕೊಡೆ ಹಿಡಿದುಕೊಂಡು ನಮ್ಮ ಆಫೀಸಿಗೆ ನುಗ್ಗಿದರು. ಕೊಡೆಯನ್ನು ನನ್ನ ಮೇಜಿನ ಮೇಲೆ ಇಟ್ಟು, "ರಜೆ ಕೊಟ್ಟವಳು ನೀನೇನಾ?" ಅಂದರು.

"ಹೌದು."

"ವಾಪಸ್ ತಗೋ."

ಆತನ ಹೆಂಡತಿ. ನಾನು ಕುರ್ಚಿ ಕೊಟ್ಟೆ. ಕೂರಲಿಲ್ಲ. "ಸೋಮವಾರ ಬೆಳಿಗ್ಗೆ ಅಡುಗೆಮನೆ ನಲ್ಲಿ ಬಿಚ್ಚಿದ. ಸೋರ್ತಿದೆ ಅಂದ. ಸೋರ್ತಿರಲಿಲ್ಲ. ಈಗ ಸೋರ್ತಿದೆ. ಮಂಗಳವಾರ ಬಚ್ಚಲುಮನೆ ಪೈಪು ಬಿಚ್ಚಿದ. ನಾವು ಸ್ನಾನ ಮಾಡೋದು ಈಗ ನನ್ನ ತಂಗಿ ಮನೇಲಿ. ನಿನ್ನೆ ಅವಳ ಮನೆ ನಲ್ಲಿಗೂ ಕಿವಿ ಕೊಟ್ಟು ಕೇಳ್ತಿದ್ದ. ನನ್ನ ತಂಗಿ ಅವನನ್ನ ಪೊರಕೆ ಹಿಡಿದು ಅಟ್ಟಿದಳು. ನಾನು ಸಾಸ್ ಕುದಿಸ್ತಿದ್ರೆ ಪಕ್ಕದಲ್ಲಿ ವಾಚ್ ಹಿಡ್ಕೊಂಡು ನಿಂತ್ಕೋತಾನೆ!"

ಬಾಸ್ ಹೊರಗೆ ಬಂದು ಗಂಭೀರವಾಗಿ ಎಲ್ಲ ಕೇಳಿದರು. "ಅಮ್ಮಾ, ದೀರ್ಘ ರಜೆಯನ್ನ ನಡುವೆ ನಿಲ್ಲಿಸೋದಕ್ಕೆ ಆಗಲ್ಲ. ನಿಯಮ ಇಲ್ಲ."

"ಹಾಗಾದರೆ ನನ್ನನ್ನ ಸೇರಿಸ್ಕೊಳ್ಳಿ."

"ಏನು?"

"ಅವನು ಒಳಗೆ ಬರೋ ಹಾಗಿಲ್ಲ ಅಂದ್ರೆ ನಾನಾದರೂ ಹೊರಗೆ ಹೋಗಬೇಕಲ್ಲ!"

ಇದಕ್ಕೆ ಬಾಸ್ ಹತ್ತಿರ ನಿಯಮವಿರಲಿಲ್ಲ. ಅದೇ ವಾರ ಕ್ಯಾಂಟೀನಿನ ಅಡುಗೆಯವಳು ಕಾಲು ಉಳುಕಿ ಮನೆಯಲ್ಲಿದ್ದಳು. ಆಕೆಯ ಜಾಗಕ್ಕೆ ಈ ತಾಯಿಯನ್ನು ಹಾಕಿದೆವು. ಗಂಡನಿಗೆ ತಂಗಿ ಮನೆಗೆ ಹೋಗ್ತೀನಿ ಅಂತ ಹೇಳಿ ಬರುತ್ತಿದ್ದರು. ಊಟ ಬಹಳ ರುಚಿಯಾಯಿತು. ಸಸ್ಯಾಹಾರಿಯಾದ ನನಗೂ ಬೇರೆಯಾಗಿ ಬದನೆಕಾಯಿ ಬೇಯಿಸಿ ಕೊಡುತ್ತಿದ್ದರು.

ಒಂದು ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನೋಡುತ್ತೇನೆ, ಮೂಲೆಯ ಮೇಜಿನಲ್ಲಿ ಆ ಹಿರಿಯ! ಮನೆಯಲ್ಲಿ ಒಬ್ಬನೇ ಕೂತು ಬೇಸರವಾಗಿ, ಹಳೆಯ ಗೆಳೆಯರ ಜೊತೆ ಊಟಕ್ಕೆ ಬಂದಿದ್ದ. ಅವನು ತಟ್ಟೆಯನ್ನು ಬೆರಳಲ್ಲಿ ಒರೆಸಿ ಒರೆಸಿ ತಿಂದು, ನನ್ನನ್ನು ಕರೆದು, ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ ಹೇಳಿದ:

"ಯಾರಮ್ಮ ಈ ಅಡುಗೆ ಮಾಡಿದ್ದು? ನಮ್ಮ ಮನೆಗೆ ಬಂದು ನನ್ನ ಹೆಂಡತಿಗೆ ಸ್ವಲ್ಪ ಹೇಳಿಕೊಡೋದಕ್ಕಾಗುತ್ತಾ ಕೇಳು!"

ಅಡುಗೆಮನೆಯ ಕಿಂಡಿಯ ಆಚೆಯಿಂದ ಸೌಟು ಹಾರಿ ಬಂದಾಗಲೇ ಅವನಿಗೆ ಉತ್ತರ ಗೊತ್ತಾದದ್ದು.

ವರನನ್ನು ಬಿಟ್ಟು

ನಮ್ಮ ಆಫೀಸಿನ ಟೈಪಿಸ್ಟ್ ಹುಡುಗಿ ಮದುವೆ, ಹನಿಮೂನು ಅಂತ ಅವಧಿಗೆ ಮುಂಚೆ ರಜೆ ಪಡೆದಿದ್ದಳು. ಹೊರಡಲು ಒಂದು ವಾರ ಇದೆ ಅನ್ನುವಾಗ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಹುಡುಗ ಬೇರೆ ಯಾರನ್ನೋ ನೋಡಿಕೊಂಡಿದ್ದ. ಪಾಪ, ಕುರ್ಚಿ ಎಳೆದು ಕೂರಿಸಿ ನಾನು, "ರಜೆ ಕ್ಯಾನ್ಸಲ್ ಮಾಡಲಾ?" ಅಂತ ಮೆತ್ತಗೆ ಕೇಳಿದೆ.

ಅವಳು ಮೂಗು ಒರೆಸಿಕೊಂಡು, "ಹುಡುಗನ್ನ ಕ್ಯಾನ್ಸಲ್ ಮಾಡಿ ಆಯ್ತು. ರಜೆ ಏನು ಮಾಡಿತ್ತು ಪಾಪ?" ಅಂದಳು.

ಬಾಸ್‌ಗೆ ಹೇಳಿದೆ. ಅವರು ಹುಬ್ಬು ತೀಡಿಕೊಂಡು, "ಕೊಟ್ಟ ರಜೆ ಕೊಟ್ಟಿದ್ದೇ. ವರ ಜೊತೆಗಿರಬೇಕು ಅಂತ ನಿಯಮ ಇಲ್ಲ," ಅಂದರು. ಹುಡುಗಿ ತನ್ನ ತಾಯಿಯನ್ನು ಕರೆದುಕೊಂಡು ನಯಾಗರಾಕ್ಕೆ ಹೋದಳು. ನವದಂಪತಿಗಳಿಗೆ ಅಂತ ಕಾದಿರಿಸಿದ್ದ ಕೋಣೆಯಲ್ಲೇ ಇಬ್ಬರೂ ಇದ್ದು ಬಂದರು. ಬಂದಾಗ ಹುಡುಗಿಯ ಮುಖದಲ್ಲಿ ಮತ್ತೆ ಕಳೆ ಬಂದಿತ್ತು.

"ಅಮ್ಮನಿಗೆ ಹಿಡಿಸಿತಾ?" ಅಂತ ಕೇಳಿದೆ.

"ಅಮ್ಮ ಮೂವತ್ತು ವರ್ಷದಿಂದ ಇದಕ್ಕೇ ಕಾಯ್ತಿದ್ದಳಂತೆ. ಅವಳ ಹನಿಮೂನಿಗೆ ಅಪ್ಪ ಮೀನು ಹಿಡಿಯೋದಕ್ಕೆ ಕರ್ಕೊಂಡು ಹೋಗಿದ್ದ."

ಅಪ್ಪನ ಮದುವೆ

ಡ್ರಾಯಿಂಗ್ ವಿಭಾಗಕ್ಕೆ ಧಾರವಾಡದ ಹುಡುಗನೊಬ್ಬ ಬಂದು ಸೇರಿದ. ಸೇರಿ ಆರೇಳು ತಿಂಗಳಾಗಿರಬೇಕು. ನಾನು ಕನ್ನಡದವಳು ಅಂತ ಗೊತ್ತಾದ ದಿನದಿಂದ ನನಗೆ "ಅಕ್ಕಾರ" ಅನ್ನುತ್ತಿದ್ದ. ಒಂದು ಮಧ್ಯಾಹ್ನ ಮುಖ ಸಣ್ಣದು ಮಾಡಿಕೊಂಡು ಬಂದ.

"ಅಕ್ಕಾರ, ನಮ್ಮ ಕಾಕಾನ ಮದುವಿ ಅದರಿ. ಹೋಗಬೇಕ್ರಿ."

"ಕಾಕಾನ ಮದುವೇನಾ? ಎಷ್ಟು ವಯಸ್ಸಪ್ಪ ಅವರಿಗೆ?"

"ನಲವತ್ತರ ಹತ್ರ ಬಂತ್ರಿ. ನಮ್ಮೆಲ್ಲಾರ ಓದು ಮುಗಿಯೋತನಕ ನಾ ಲಗ್ನಾ ಆಗೂದಿಲ್ಲ ಅಂತ ಕೂತಿದ್ರು. ನಂದು ಕಡೀದು. ನಾ ಇಲ್ಲಿ ನೌಕರಿ ಹಿಡದೆ, ಈಗ ಹೂಂ ಅಂದಾರ. ನಾನಽ ಇಲ್ಲಂದ್ರ ಹೆಂಗ್ರಿ?"

ಕೊಡಬೇಕು ಅಂತ ನನಗೂ ಆಸೆ. ಆದರೆ ಅವಧಿಗೆ ಮುಂಚಿನ ರಜೆ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಮಾತ್ರ. "ಅಂಕಲ್ ಅಂದರೆ ಸಿಗಲ್ಲಪ್ಪ. ನಮ್ಮ ಚಿಕ್ಕಪ್ಪನ ಮದುವೆಗೂ ನನಗೆ ಹೋಗೋಕೆ ಆಗಲಿಲ್ಲ," ಅಂದೆ.

ಹುಡುಗ ಥಟ್ಟನೆ ತಲೆ ಎತ್ತಿದ. "ಏನಂದ್ರಿ? ನಿಮ್ಮ ಕಡೆ ಕಾಕಾಗ ಏನಂತೀರಿ?"

"ಚಿಕ್ಕಪ್ಪ."

"ಚಿಕ್ಕ ಅಪ್ಪ! ಅಪ್ಪ ಬಂದನಲ್ರಿ ಅದರಾಗ!" ಅನ್ನುತ್ತಾ ಸೀದಾ ಬಾಸ್ ಕೋಣೆಗೆ ನುಗ್ಗಿದ. ತಡೆಯಲು ಹಿಂದೆ ಓಡಿದೆ. ಅಷ್ಟರಲ್ಲಿ ಅವನು ಇಂಗ್ಲಿಷಿನಲ್ಲಿ ಶುರು ಮಾಡಿಯಾಗಿತ್ತು.

"ಸರ್, ನನ್ನ ತಂದೆಯ ಮದುವೆ ಇದೆ. ಚಿಕ್ಕ ತಂದೆ."

ಬಾಸ್ ಕನ್ನಡಕ ತೆಗೆದರು. "ನಿನ್ನ ತಾಯಿ?"

"ಚೆನ್ನಾಗಿದ್ದಾರೆ ಸರ್."

"ಅವರಿಗೆ... ಈ ವಿಷಯ ಗೊತ್ತಾ?"

"ಗೊತ್ತಾ ಅಂದ್ರೆ? ಹೆಣ್ಣು ಹುಡುಕಿದ್ದೇ ಅವರು ಸರ್!"

ಬಾಸ್ ಮೆಲ್ಲಗೆ ಕುರ್ಚಿಗೆ ಒರಗಿದರು. "ಅವರೇ ಹುಡುಕಿದರಾ?"

"ಹೂಂ ಸರ್. ಹತ್ತು ವರ್ಷದಿಂದ ಹುಡುಕ್ತಿದ್ರು. ಇವರೇ ಒಪ್ಪಿರಲಿಲ್ಲ. ಮದುವೆ ಸೀರೆ ತರೋದಕ್ಕೆ ಅಮ್ಮ, ದೊಡ್ಡ ತಂದೆ ಇಬ್ಬರೂ ಹೋಗಿದ್ದಾರೆ."

"ಒಟ್ಟು ಎಷ್ಟು ಜನ ತಂದೆಯರು ನಿನಗೆ?"

"ನಾಲ್ಕು ಸರ್. ಮೂವರಿಗೆ ಆಗಿದೆ. ಇವರೊಬ್ಬರದ್ದು ಬಾಕಿ."

ಬಾಸ್ ನನ್ನತ್ತ ನೋಡಿದರು. ನಮ್ಮ ದೇಶದ ಮಾನ ಕಾಪಾಡಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, "ಬೇಡ, ವಿವರಿಸಬೇಡಿ," ಅಂದು ಸಹಿ ಹಾಕಿಬಿಟ್ಟರು. ಹುಡುಗ ಕುಣಿಯುತ್ತಾ ಹೋದ. ಆಮೇಲೆ ನಾನು ಬಾಸ್ ಎದುರು ಕೂತು ನಿಧಾನವಾಗಿ ಕಾಕಾ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲ ಬಿಡಿಸಿ ಹೇಳಿದೆ. ಎಲ್ಲಿ ಸಹಿ ಹೊಡೆದು ಹಾಕುತ್ತಾರೋ ಅಂತ ಭಯವಿತ್ತು.

ಅವರು ಕನ್ನಡಕ ಹಾಕಿಕೊಂಡರು. "ಹೋಗಲಿ ಬಿಡಿ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಜನರ ಅಜ್ಜಿಯರು ಸಾಯೋದನ್ನೇ ಕೇಳಿದ್ದೀನಿ. ಒಬ್ಬೊಬ್ಬನ ಅಜ್ಜಿ ನಾಲ್ಕು ಸಲ ಸತ್ತಿದ್ದಾರೆ. ಒಬ್ಬನಾದರೂ ಬಂದು ಅಪ್ಪನ ಮದುವೆ ಅಂದನಲ್ಲ, ಎಷ್ಟು ಹಾಯೆನಿಸಿತು ಗೊತ್ತಾ?"

ಮೇಲೆ ನೋಡಿ ಮಾತಾಡುತ್ತಿದ್ದ ಬಾಸ್

ಕೊನೆಯದು ನನ್ನದೇ. ಇವತ್ತು ನಗುತ್ತೇನೆ, ಆಗ ನಕ್ಕಿರಲಿಲ್ಲ.

ಆ ಕಾಲದಲ್ಲಿ ಬಸುರಿಯರಿಗೆ ನಮ್ಮ ಕಾರ್ಖಾನೆಯ ನಿಯಮ ಕಠಿಣವಾಗಿತ್ತು. ಐದು ತಿಂಗಳಾಯಿತೋ, ಸಂಬಳವಿಲ್ಲದೆ ಮನೆಗೆ. ಹೆತ್ತು ವಾಪಸ್ ಬಂದರೂ ಜಾಗ ಖಾಲಿ ಇದ್ದರೆ ಮಾತ್ರ ಕೆಲಸ, ಅದೂ ಹೊಸಬಳ ಹಾಗೆ ಮೊದಲಿನಿಂದ. ಆದರೆ ಐದು ವರ್ಷದ ಸೇವೆ ತುಂಬಿದ್ದವರು ಎರಡು ತಿಂಗಳ ದೀರ್ಘ ರಜೆ, ಅದರ ಬೆನ್ನಿಗೆ ವರ್ಷದ ರಜೆ ತೆಗೆದುಕೊಂಡು, ಕುರ್ಚಿ ಕಳೆದುಕೊಳ್ಳದೆ ಹೆತ್ತು ಬರಬಹುದಿತ್ತು. ನನಗೆ ಐದು ವರ್ಷ ತುಂಬುವುದು ಮಾರ್ಚ್ ಕೊನೆಗೆ. ಮಗು ಬರುವುದು ಮೇ ತಿಂಗಳಲ್ಲಿ. ಅಂದರೆ ಐದರ ಬದಲು ಏಳೂವರೆ ತಿಂಗಳವರೆಗೆ ಯಾರಿಗೂ ಗೊತ್ತಾಗಬಾರದು!

ಮದುವೆಯಾಗಿ ಎಂಟು ವರ್ಷದ ಮೇಲೆ ನಿಂತ ಬಸಿರು. ಕೆಲಸವೂ ಬೇಕು. ಮನೆ ಕೊಳ್ಳಲು ಆಗಷ್ಟೇ ಸಾಲ ಮಾಡಿದ್ದೆವು. ನಮ್ಮ ಯಜಮಾನರು, "ಹೇಳಿಬಿಡೇ, ಆದದ್ದಾಗಲಿ," ಅಂದರು. ನಾನು, "ಸೀರೆ ಇದೆ, ಚಳಿ ಇದೆ, ಕೋಟಿದೆ. ನೋಡೋಣ ಸುಮ್ಮನಿರಿ," ಅಂದೆ.

ನೆರಿಗೆ ಜಾಸ್ತಿ ಹಿಡಿದೆ. ಸೆರಗು ಹೊದ್ದೆ. ಸೆರಗಿನ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು. ಹೀಟರಿನ ಪಕ್ಕ ಕೂತು ಬೆವರುತ್ತಾ, "ನಮ್ಮ ಕಡೆಯವರಿಗೆ ಚಳಿ ತಡೆಯಲ್ಲ" ಅನ್ನುತ್ತಿದ್ದೆ. ಎದುರಿಗೆ ಯಾರಾದರೂ ಬಂದರೆ ದೊಡ್ಡ ಫೈಲನ್ನು ಹೊಟ್ಟೆಗೆ ಅಪ್ಪಿಕೊಂಡು ನಿಲ್ಲುತ್ತಿದ್ದೆ.

ಆಫೀಸಿನಲ್ಲಿ ಯಾರಿಗೂ ಸುಳಿವು ಹತ್ತಲಿಲ್ಲ ಅಂತ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಟೈಪಿಸ್ಟ್ ಹುಡುಗಿ ಬೆನ್ನಿಗೆ ದಿಂಬು ತಂದಿಟ್ಟಳು, ಒಳ್ಳೆಯ ಮನಸ್ಸು ಅಂದುಕೊಂಡೆ. ಕೆಳಗಿನ ಕಪಾಟಿನ ಫೈಲುಗಳೆಲ್ಲ ಒಂದು ದಿನ ಮೇಲಿನ ಕಪಾಟಿಗೆ ಬಂದಿದ್ದವು, ಯಾರೋ ಅಚ್ಚುಕಟ್ಟು ಮಾಡಿದ್ದಾರೆ ಅಂದುಕೊಂಡೆ. ಕ್ಯಾಂಟೀನಿನಲ್ಲಿ ನನಗೆ ಮಾತ್ರ ಎರಡು ಲೋಟ ಹಾಲು ಬರುತ್ತಿತ್ತು, ಸಸ್ಯಾಹಾರಿ ಅಂತ ಕನಿಕರ ಅಂದುಕೊಂಡೆ.

ಭಯವಿದ್ದದ್ದು ಬಾಸ್ ಒಬ್ಬರದ್ದೇ. ಕ್ರಿಸ್‌ಮಸ್ ಕಳೆದ ಮೇಲೆ ಅವರು ನನ್ನ ಮುಖ ನೋಡಿ ಮಾತಾಡುವುದನ್ನೇ ನಿಲ್ಲಿಸಿದ್ದರು. ನಾನು ಕೋಣೆಗೆ ಹೋದರೆ ಸಾಕು, ಕತ್ತು ಎತ್ತಿ ಟ್ಯೂಬ್‌ಲೈಟ್ ನೋಡುತ್ತಿದ್ದರು. ಟ್ಯೂಬ್‌ಲೈಟಿಗೇ "ಗುಡ್ ಮಾರ್ನಿಂಗ್" ಅನ್ನುತ್ತಿದ್ದರು. ನಾನು ಚಾಚಿದ ಕಾಗದವನ್ನು ತಡವರಿಸಿ ತೆಗೆದುಕೊಳ್ಳುತ್ತಿದ್ದರು. ಏನೋ ದೊಡ್ಡ ತಪ್ಪು ಮಾಡಿದ್ದೀನಿ, ಮುಖ ನೋಡುವುದಕ್ಕೂ ಇವರಿಗೆ ಅಸಹ್ಯವಾಗಿದೆ ಅಂತ ಮನೆಗೆ ಬಂದು ಅತ್ತದ್ದೂ ಉಂಟು.

ಅಂತೂ ಮಾರ್ಚ್ ಕೊನೆ ಬಂತು. ಐದು ವರ್ಷ ತುಂಬಿದ ದಿನ ಬೆಳಿಗ್ಗೆಯೇ ಅವರ ಬಾಗಿಲು ತಟ್ಟಿದೆ. ಅವರು ರೂಢಿಯಂತೆ ಮೇಲೆ ನೋಡಿದರು.

"ಸರ್, ಇವತ್ತಿಗೆ ನನಗೆ ಐದು ವರ್ಷ ತುಂಬಿತು. ನಾಳೆಯಿಂದ ದೀರ್ಘ ರಜೆ ಬೇಕು."

"ಪೂರ್ತಿ ತುಂಬಿತಾ? ಸರಿಯಾಗಿ ನೋಡಿದ್ದೀರಾ?" ಅಂತ ಟ್ಯೂಬ್‌ಲೈಟನ್ನು ಕೇಳಿದರು.

"ನೋಡಿದ್ದೀನಿ ಸರ್. ಮತ್ತೆ... ಇನ್ನೊಂದು ವಿಷಯ. ನನಗೆ ಮಗು ಆಗುತ್ತೆ."

ಅವರು ಎದ್ದರು. ಕತ್ತು ಮೇಲೆ ಇಟ್ಟುಕೊಂಡೇ ಮೇಜು ತಡಕುತ್ತಾ ಬಾಗಿಲಿಗೆ ಹೋಗಿ, ತೆರೆದು, ಆಫೀಸಿಗೆಲ್ಲ ಕೇಳುವ ಹಾಗೆ ಕೂಗಿದರು. "ಹೇಳಿದರು! ಕೊನೆಗೂ ಹೇಳಿದರು!"

ಹೊರಗೆ ಹೋ ಅಂತ ಚಪ್ಪಾಳೆ. ಟೈಪಿಸ್ಟ್ ಹುಡುಗಿ ಡ್ರಾಯರಿನಿಂದ ಹೆಣೆದ ಕುಲಾವಿ ತೆಗೆದಳು. ಇನ್ನೊಬ್ಬಳು ಕಾಲುಚೀಲ ತೆಗೆದಳು. ಕ್ಯಾಂಟೀನಿನಿಂದ ಓಡಿಬಂದ ಅಡುಗೆಯವಳು ಕಣ್ಣೊರೆಸಿಕೊಂಡಳು. ಎಲ್ಲರಿಗೂ ಮೊದಲಿಂದ ಗೊತ್ತಿತ್ತು! ನನ್ನ ನೆರಿಗೆ, ಶಾಲು, ಫೈಲು ಯಾವುದೂ ಒಬ್ಬರ ಕಣ್ಣಿಗೂ ಮಣ್ಣೆರಚಿರಲಿಲ್ಲ.

"ಸರ್, ನಿಮಗೂ ಗೊತ್ತಿತ್ತಾ?"

"ನನಗೆ ಹೇಗೆ ಗೊತ್ತಾಗುತ್ತೆ? ಮೇಲಧಿಕಾರಿಯ ಕಣ್ಣಿಗೆ ಬಿದ್ದ ಕೂಡಲೇ ಮನೆಗೆ ಕಳಿಸಬೇಕು ಅಂತ ನಿಯಮ. ನನ್ನ ಕಣ್ಣಿಗೆ ಬೀಳಲೇ ಇಲ್ಲ. ನಾನು ಮೇಲೆ ನೋಡ್ತಿದ್ದೆ."

ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತೆ. ಶಾಲು ತೆಗೆದೆ, ಸ್ವೆಟರು ತೆಗೆದೆ. ಆಹಾ, ಎಂಥ ತಂಪು!

"ಈಗ ಕೆಳಗೆ ನೋಡಬಹುದಲ್ಲ?" ಅಂದರು ಬಾಸ್.

"ಧಾರಾಳವಾಗಿ ನೋಡಿ ಸರ್."

ಕತ್ತು ಇಳಿಸಲು ಹೋದರು. ಅರ್ಧಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತು. "ಅಯ್ಯೋ!" ಅಂತ ಕತ್ತು ಹಿಡಿದುಕೊಂಡರು. "ನೀವು ಹೊರಡೋ ಮುಂಚೆ ನನಗೂ ಒಂದು ವಾರ ರಜೆ ಬರೆದು ಹೋಗಿ. ಇದು ಇನ್ನು ಡಾಕ್ಟರ ಹತ್ತಿರ ಹೋಗದೆ ಇಳಿಯೋದಿಲ್ಲ."

"ಕಾರಣ ಏನು ಅಂತ ಬರೀಲಿ ಸರ್?"

"ಬಾಣಂತನ ಅಂತ ಬರೀರಿ."